ಒಬ್ಬ ಗಾಯಕರು, ಎರಡು ಚಿತ್ರಗಳು

ಸಂಗೀತಗಾರರನ್ನು ಕುರಿತ ಸಾಕ್ಷ್ಯಚಿತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಗಾಯಕರ ಬಾಳನ್ನು ಹೇಳುವುದು ಒಂದು. ಹಾಡು ಬಂದ ದಾರಿಯನ್ನು ಹುಡುಕುವುದು ಇನ್ನೊಂದು. ಕುಮಾರ ಗಂಧರ್ವರನ್ನು ಕುರಿತ ಎರಡು ಚಿತ್ರಗಳಿಂದ ಈ ಭೇದವನ್ನು ಸುಲಭವಾಗಿ ತಿಳಿಯಬಹುದು.

ಕುಮಾರ ಗಂಧರ್ವರು ನಮ್ಮ ನಾಡಿನವರು. 1924ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಜನಿಸಿದರು, ಹುಟ್ಟುಹೆಸರು ಶಿವಪುತ್ರ. ಮುಂಬಯಿಯಲ್ಲಿ ಬಿ. ಆರ್. ದೇವಧರರಲ್ಲಿ ಕಲಿತು ಎಳವೆಯಲ್ಲೇ ಹೆಸರಾದರು. ಅಷ್ಟರಲ್ಲಿ ಕ್ಷಯರೋಗವು ಶ್ವಾಸಕೋಶವನ್ನು ಹಿಡಿಯಿತು. ಒಣಹವೆಗಾಗಿ 1948ರಲ್ಲಿ ಮಾಳವದ ದೇವಾಸಕ್ಕೆ ಹೋದರು. ವೈದ್ಯರು ಹಾಡಕೂಡದೆಂದರು. ವರ್ಷಗಟ್ಟಲೆ ಹಾಸಿಗೆ ಹಿಡಿದ ಗಾಯಕರಿಗೆ ಕೇಳುವುದಷ್ಟೇ ಉಳಿಯಿತು. ಸುತ್ತಲಿನ ಹೆಂಗಸರ ಹಾಡು, ನಾಥಪಂಥದ ಜೋಗಿಗಳ ಕಬೀರಭಜನೆ ಅವರ ಕಿವಿಗೆ ಬಿದ್ದವು. ಸ್ಟ್ರೆಪ್ಟೋಮೈಸಿನ್ ಔಷಧದಿಂದ ಗುಣವಾಗಿ, 1950ರ ದಶಕದಲ್ಲಿ ಮತ್ತೆ ಹಾಡತೊಡಗಿದಾಗ ಅವರ ಗಾಯನದಲ್ಲಿ ಮಾಳವದ ಧಾಟಿ ಬೆರೆತಿತ್ತು.

ಜಬ್ಬಾರ್ ಪಟೇಲರ ‘ಹಂಸ ಅಕೇಲಾ’ ಮೊದಲ ಬಗೆಯದು. ಸರಕಾರದ ಫಿಲ್ಮ್ಸ್ ಡಿವಿಜನ್ ನಿರ್ಮಿಸಿದ ಚಿತ್ರ. ಮನೆಯವರು, ಶಿಷ್ಯರು, ಗೆಳೆಯರು ತಾವು ಕಂಡ ಕುಮಾರರನ್ನು ಇದರಲ್ಲಿ ನೆನೆಯುತ್ತಾರೆ.

ಶಬ್ನಮ್ ವಿರ್ಮಾನಿಯವರ ‘ಕೋಯಿ ಸುನ್ತಾ ಹೈ’ (2008) ಎರಡನೆಯ ಬಗೆಯದು. ಇವರು ನಮ್ಮ ಅಹಮದಾಬಾದಿನ ‘ದೃಷ್ಟಿ’ ಎಂಬ ಮಾಧ್ಯಮ ಸಂಸ್ಥೆಯ ಸ್ಥಾಪಕರಲ್ಲೊಬ್ಬರು. 2003ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯಲ್ಲಿ ಕಬೀರನ ಹಾಡುಗಳ ಹುಡುಕಾಟವನ್ನು ಆರಂಭಿಸಿದರು. ಸುಮಾರು ಒಂದೂವರೆ ಗಂಟೆಯ ಈ ಚಿತ್ರವು ಕುಮಾರರ ಜೀವನದೊಡನೆ ಹಳ್ಳಿಯ ಗಾಯಕರ ಕಬೀರನನ್ನೂ ಹೆಣೆಯುತ್ತದೆ. ಕುಮಾರರಿಗೆ ಹಾಡು ಕೊಟ್ಟವರೂ ಇಲ್ಲಿ ನಮಗೆ ಪರಿಚಯವಾಗುತ್ತಾರೆ.

ಇಂಥ ಚಿತ್ರ ನೋಡುವಾಗ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿಡಿರಿ. ಕಥೆ ಹೇಳುವವರು ಯಾರು? ಹಾಡನ್ನು ಪೂರ್ತಿ ಕೇಳಿಸುತ್ತಾರೆಯೇ, ಮಾತಿನಿಂದ ತುಂಡರಿಸುತ್ತಾರೆಯೇ? ಹಾಡು ಯಾರಿಂದ ಬಂದಿತೆಂದು ತಿಳಿಸುತ್ತಾರೆಯೇ?

ಮೂರನೆಯ ಪ್ರಶ್ನೆ ನಮಗೂ ಸಲ್ಲುತ್ತದೆ. ನಮ್ಮ ಅಜ್ಜಿಯರ ಬೀಸುವ ಪದ, ಸೋಬಾನೆ ಪದಗಳನ್ನು ಬರೆದಿಟ್ಟವರು ಎಷ್ಟು ಮಂದಿ? ಕೈಯಲ್ಲಿ ಮೊಬೈಲು ಇರುವವರು ರಜೆಗೆ ಊರಿಗೆ ಹೋದಾಗ ಒಂದು ಹಾಡನ್ನಾದರೂ ಚಿತ್ರೀಕರಿಸಿರಿ. ಫ್ಯಾನು, ಟೀವಿಗಳನ್ನು ಆರಿಸಿ ಹತ್ತಿರ ಕೂರಿರಿ, ನಡುವೆ ಮಾತಾಡಬೇಡಿರಿ. ಮುಗಿದ ಮೇಲೆ ಹಾಡಿದವರ ಹೆಸರು, ಊರು, ಅವರಿಗೆ ಕಲಿಸಿದವರಾರು, ತಾರೀಖು ಏನು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿರಿ. ಚಾಂದ್‌ಖೇಡಾದ ನೆರೆಮನೆಯ ತಾಯಿ ಗರಬಾ ಹಾಡುತ್ತಿದ್ದರೆ, ಅವರ ಅನುಮತಿ ಪಡೆದು ಅದನ್ನೂ ಹೀಗೆಯೇ ಕಾಪಾಡಿರಿ.