ಕೆಮ್ಮಿದರೆ ಸೀರೆ ಒದ್ದೆ

ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಉಚ್ಚೆ ಸೋರುತ್ತದೆ. ನಾವು ಹೆಂಗಸರು ಇದನ್ನು ಯಾರಿಗೂ ಹೇಳಲ್ಲ. ಮದುವೆ, ಜಾತ್ರೆಗೆ ಹೋಗಲ್ಲ. ನೀರು ಕುಡಿಯೋದನ್ನೂ ಕಡಿಮೆ ಮಾಡುತ್ತೇವೆ. ಅದು ತಪ್ಪು.

ಆಪರೇಷನ್ ಆದ ಮೇಲೂ ಕೆಲವರಿಗೆ ಮತ್ತೆ ಸೋರುತ್ತದೆ. ‘ಇನ್ನೊಂದು ಸಲ ಕೊಯ್ಯಿಸಿಕೊಳ್ಳಬೇಕಾ?’ ಎಂದು ಹೆದರುತ್ತೇವೆ. ಎಲ್ಲರಿಗೂ ಬೇಕಾಗಲ್ಲ. ದೊಡ್ಡಾಸ್ಪತ್ರೆಯಲ್ಲಿ ಮೂತ್ರರೋಗದ ಡಾಕ್ಟರು ಇರುತ್ತಾರೆ. ಅವರು ಮೊದಲು ಮೂತ್ರ ಪರೀಕ್ಷೆ ಮಾಡಿಸುತ್ತಾರೆ. ಯಾಕೆ ಸೋರುತ್ತದೆ ಎಂದು ನೋಡುತ್ತಾರೆ.

ಕೆಲವರಿಗೆ ಸೂಜಿಯ ಚಿಕಿತ್ಸೆ ಸಾಕು. ಆ ಜಾಗ ಜೋಮು ಹಿಡಿಸುತ್ತಾರೆ. ಮೂತ್ರನಾಳದ ಗೋಡೆಯೊಳಗೆ ಲೋಳೆಯಂಥ ಮದ್ದು ತುಂಬುತ್ತಾರೆ. ಗೋಡೆ ಉಬ್ಬುತ್ತದೆ, ದಾರಿ ಬಿಗಿಯಾಗುತ್ತದೆ. ಕೊಯ್ಯೋದಿಲ್ಲ, ಹೊಲಿಗೆಯಿಲ್ಲ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಆದರೆ ಎಲ್ಲರಿಗೂ ಪೂರ್ತಿ ನಿಲ್ಲಲ್ಲ. ಕೆಲವರಿಗೆ ಇನ್ನೊಮ್ಮೆ ಸೂಜಿ ಬೇಕಾಗುತ್ತದೆ.

ಸೂಜಿ ಆದ ಮೇಲೆ ಉಚ್ಚೆ ಕಟ್ಟಿದರೆ, ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗೋಣ.