ಋತುಬಂಧದ ಸುದ್ದಿ: ಪತ್ರಿಕೆ ದೊಡ್ಡದಾದರೆ ಸಾಕೆ?

'ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ಸ್ತನ ಕ್ಯಾನ್ಸರ್ ಬರುತ್ತದಂತೆ. ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೇ ಬಂದಿದೆಯಂತೆ' ಎಂಬ ಮಾತನ್ನು ನೀವೂ ಕೇಳಿರಬಹುದು. ಪತ್ರಿಕೆ ದೊಡ್ಡದು ಎಂದು ಹೇಳುವುದು ಹೇಗೆ? ಆ ಅಳತೆಯಿಂದ ಮನೆಯ ಹೆಣ್ಣುಮಕ್ಕಳಿಗೆ ಏನು ತಿಳಿಯುತ್ತದೆ? ಈ ವಾರ ನೋಡೋಣ.

ಅಳತೆ ಹೇಗೆ?

ಸಂಶೋಧಕರು ತಮ್ಮ ಅಧ್ಯಯನಗಳನ್ನು ಪ್ರಕಟಿಸಲು ಪ್ರತ್ಯೇಕ ಪತ್ರಿಕೆಗಳಿವೆ. ಋತುಬಂಧದ ವಿಷಯಕ್ಕೆ 'ಮೆಚ್ಯುರಿಟಾಸ್' 1978ರಲ್ಲಿ, 'ಮೆನೊಪಾಸ್' 1994ರಲ್ಲಿ, 'ಕ್ಲೈಮ್ಯಾಕ್ಟೆರಿಕ್' 1998ರಲ್ಲಿ ಆರಂಭವಾದವು. ಇಂಥ ಪತ್ರಿಕೆಗಳ ಪ್ರಭಾವವನ್ನು 'ಇಂಪ್ಯಾಕ್ಟ್ ಫ್ಯಾಕ್ಟರ್' ಎಂಬ ಅಂಕದಿಂದ ಅಳೆಯುವ ರೂಢಿಯಿದೆ. ಈ ವಿಚಾರವನ್ನು 1955ರಲ್ಲಿ ಮುಂದಿಟ್ಟವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್.

ಲೆಕ್ಕ ಸರಳ. ಒಂದು ಪತ್ರಿಕೆ ಎರಡು ವರ್ಷಗಳಲ್ಲಿ 200 ಲೇಖನ ಪ್ರಕಟಿಸಿತು ಎನ್ನಿ. ಮರುವರ್ಷ ಬೇರೆ ಬೇರೆ ಸಂಶೋಧಕರು ಅವನ್ನು ಒಟ್ಟು 600 ಬಾರಿ ಉಲ್ಲೇಖಿಸಿದರೆ, 600ನ್ನು 200ರಿಂದ ಭಾಗಿಸಬೇಕು. ಅಂಕ 3.

ಅಂಕದ ಮಿತಿ

ಇದು ಸರಾಸರಿ ಮಾತ್ರ. ತರಗತಿಯಲ್ಲಿ ನಾಲ್ಕು ಮಕ್ಕಳು ನೂರಕ್ಕೆ ನೂರು ಪಡೆದರೆ, ಉಳಿದವರು ಹಿಂದುಳಿದಿದ್ದರೂ ಸರಾಸರಿ ಮೇಲೇರುತ್ತದೆ. ಹಾಗೆಯೇ ಪತ್ರಿಕೆಯ ಅಂಕದ ಬಹುಪಾಲನ್ನು ತಂದುಕೊಡುವುದು ಕೆಲವೇ ಲೇಖನಗಳು. ತಪ್ಪೆಂದು ಖಂಡಿಸಲು ಹೆಸರಿಸಿದರೂ ಅದು ಉಲ್ಲೇಖವೆಂದೇ ಲೆಕ್ಕ!

ಕ್ಯಾನ್ಸರ್, ಹೃದ್ರೋಗಗಳ ಬಗ್ಗೆ ಬರೆಯುವವರು ಬಹಳ. ಋತುಬಂಧದ ಬಗ್ಗೆ ಕಡಿಮೆ. ಆದ್ದರಿಂದ ಮೇಲೆ ಹೇಳಿದ ಮೂರೂ ಪತ್ರಿಕೆಗಳ ಅಂಕ ಹತ್ತಕ್ಕಿಂತ ಕಡಿಮೆ. ಎಲ್ಲ ರೋಗಗಳ ಬಗ್ಗೆಯೂ ಪ್ರಕಟಿಸುವ ಅಮೆರಿಕದ 'ಜಾಮಾ' ಪತ್ರಿಕೆಯದು ಐವತ್ತನ್ನು ದಾಟಿದೆ. ಒಂದು ಲೇಖನದ ಯೋಗ್ಯತೆಯನ್ನು ಪತ್ರಿಕೆಯ ಅಂಕದಿಂದ ಅಳೆಯಬಾರದೆಂದು 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯೂ ಹೇಳಿತು.

2002ರ ಪಾಠ

ಆ ವರ್ಷದ ಜುಲೈನಲ್ಲಿ 'ಜಾಮಾ' ಒಂದು ದೊಡ್ಡ ಅಧ್ಯಯನವನ್ನು ಪ್ರಕಟಿಸಿತು. ಅಮೆರಿಕದ 16,608 ಮಹಿಳೆಯರಲ್ಲಿ ಕೆಲವರಿಗೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಕೂಡಿದ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಡಲಾಗಿತ್ತು. ಹಾರ್ಮೋನ್ ಪಡೆದವರಲ್ಲಿ ಸ್ತನ ಕ್ಯಾನ್ಸರ್ ಶೇ. 26ರಷ್ಟು ಹೆಚ್ಚು ಎಂಬ ಸುದ್ದಿ ಜಗತ್ತಿಗೆಲ್ಲ ಹರಡಿತು. ಗಾಬರಿಗೊಂಡ ಅಸಂಖ್ಯ ಮಹಿಳೆಯರು ಚಿಕಿತ್ಸೆ ಬಿಟ್ಟರು.

ಅಂಕಿ ಸುಳ್ಳಲ್ಲ. ಆದರೆ ಅದನ್ನು ಬಿಡಿಸಿ ನೋಡಿ. ವರ್ಷವೊಂದಕ್ಕೆ 10,000 ಮಹಿಳೆಯರಲ್ಲಿ ಹುಸಿಮಾತ್ರೆಯವರಲ್ಲಿ 30 ಮಂದಿಗೆ, ಹಾರ್ಮೋನ್ ಪಡೆದವರಲ್ಲಿ 38 ಮಂದಿಗೆ ಸ್ತನ ಕ್ಯಾನ್ಸರ್ ಬಂದಿತ್ತು. ಅಂದರೆ ಹೆಚ್ಚಾದದ್ದು 8. ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆಯೂ ಹೆಚ್ಚಿದವು; ಸೊಂಟದ ಮೂಳೆ ಮುರಿತ ಕಡಿಮೆಯಾಯಿತು. ಇನ್ನೊಂದು ಮುಖ್ಯ ಸಂಗತಿ, ಭಾಗವಹಿಸಿದವರ ಸರಾಸರಿ ವಯಸ್ಸು 63. ಮೈಯೆಲ್ಲ ಬಿಸಿಯೇರಿ, ರಾತ್ರಿ ಬೆವತು ನಿದ್ದೆಗೆಡುವ ಐವತ್ತರ ಆಸುಪಾಸಿನ ಮಹಿಳೆಗೆ ಆ ಫಲಿತಾಂಶ ಹಾಗೆಯೇ ಅನ್ವಯಿಸದು.

ಅವರಿಗೆ ಬೇಕಾದ ಸಲಹೆ 2022ರಲ್ಲಿ ಬಂದದ್ದು ಅಂಕ ಕಡಿಮೆಯಿರುವ 'ಮೆನೊಪಾಸ್' ಪತ್ರಿಕೆಯಲ್ಲಿ. 60 ವರ್ಷದೊಳಗಿನ ಅಥವಾ ಮುಟ್ಟು ನಿಂತು ಹತ್ತು ವರ್ಷ ಮೀರದ, ಬೇರೆ ತೊಡಕಿಲ್ಲದ ಮಹಿಳೆಯರಿಗೆ ತೀವ್ರ ತೊಂದರೆಯಿದ್ದರೆ ಹಾರ್ಮೋನ್ ಚಿಕಿತ್ಸೆಯ ಲಾಭವೇ ಹೆಚ್ಚು ಎಂದು ಉತ್ತರ ಅಮೆರಿಕದ ಋತುಬಂಧ ಸಂಘ ಅದರಲ್ಲಿ ತಿಳಿಸಿತು.

ನೀವು ಕೇಳಬೇಕಾದದ್ದು

ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿ. ಅಧ್ಯಯನ ಯಾವ ವಯಸ್ಸಿನವರ ಮೇಲೆ ನಡೆಯಿತು? ಯಾವ ಔಷಧ, ಎಷ್ಟು ಕಾಲ ಕೊಟ್ಟರು? ಹತ್ತು ಸಾವಿರ ಮಂದಿಯಲ್ಲಿ ಎಷ್ಟು ಮಂದಿಗೆ ಹೆಚ್ಚು ತೊಂದರೆಯಾಯಿತು?

ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ಅಥವಾ ಪಿತ್ತಕೋಶದ ಕಾಯಿಲೆ ಆಗಿದ್ದವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತಸ್ರಾವ ಕಂಡರೆ, ಒಂದು ಹನಿಯಾದರೂ, ತಡಮಾಡದೆ ತೋರಿಸಿ. ಮಾತ್ರೆ ಶುರುಮಾಡುವುದಾಗಲಿ ಬಿಡುವುದಾಗಲಿ ಸುದ್ದಿಯ ತಲೆಬರಹ ನೋಡಿ ಬೇಡ. ನಿಮ್ಮ ವೈದ್ಯರೊಂದಿಗೆ ಕುಳಿತು ನಿರ್ಧರಿಸಿ.