ಬೆಸುಗೆಯೂ ಬೀಡು ಕಬ್ಬಿಣವೂ: ಕಬ್ಬಿನ ಗಾಣದ ದುರಸ್ತಿಯನ್ನು ಕುರಿತು

ಎಕ್ಕಂಬಿಯ ಸುತ್ತಿನ ಹಿಡುವಳಿದಾರರೂ ಪಟೇಲರೂ ಆಲೆಮನೆ ಹೂಡುವ ಮೊದಲು ಗಾಣವನ್ನು ಚೆನ್ನಾಗಿ ತೊಳೆಯಿಸಿ, ಬೀಡಿನ ಭಾಗಗಳಲ್ಲಿ ಬಿರುಕುಂಟೇ ಎಂದು ನೋಡತಕ್ಕದ್ದು. ಈ ಕಡೆಯ ಒಂದು ಆಲೆಮನೆಯಲ್ಲಿ ಗಾಣದ ಚೌಕಟ್ಟಿನ ಬಿರುಕಿಗೆ ಬೆಸುಗೆ ತುಂಬಿ, ಅರದಿಂದ ಉಜ್ಜಿ, ಬಣ್ಣ ಬಳಿದಿದ್ದುದನ್ನು ನಾನು ಕಂಡೆನು. ನೋಟಕ್ಕೆ ಅಂದವಾಗಿಯೇ ಇತ್ತು. ಮೊದಲ ದಿನ ಗಾಣವು ನಡೆಯಿತು. ಮೂರನೆಯ ದಿನ ಚೌಕಟ್ಟು ಎರಡಾಯಿತು. ಕಬ್ಬು ಕೊಡುತ್ತಿದ್ದವನ ಕೈ ಉಳಿದುದೇ ಹೆಚ್ಚು. ಕಡಿದಿಟ್ಟ ಕಬ್ಬು ಬಿಸಿಲಿಗೆ ಕೆಟ್ಟಿತು.

ಇದರ ಕಾರಣವು ಲೋಹಗಳ ಗುಣದಲ್ಲಿಯೇ ಇರುವುದು. ಬೆಸುಗೆಯೆಂಬುದು ತವರ ಮತ್ತು ಸೀಸಗಳ ಬೆರಕೆ. ತವರವು 232 ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ ಸೀಸವು 327ರಲ್ಲಿಯೂ ಕರಗುವುವು. ಆದರೆ 60 ಭಾಗ ತವರಕ್ಕೆ 40 ಭಾಗ ಸೀಸ ಕೂಡಿದಲ್ಲಿ 183ರಲ್ಲಿಯೇ ಕರಗತೊಡಗುವುದು. ಬೀಡು ಕರಗಲು ಸುಮಾರು 1150 ಡಿಗ್ರಿಗಳು ಬೇಕು. ಇದ್ದಿಲಿನಿಂದ ಉರಿಯುವ ಊದುಕುಲುಮೆಯನ್ನು 1923ರಲ್ಲಿ ಭದ್ರಾವತಿಯಲ್ಲಿ ಹೊತ್ತಿಸಿದುದು ಬೀಡನ್ನು ತೆಗೆಯುವುದಕ್ಕಾಗಿಯೇ.

ಬೀಡಿನಲ್ಲಿ ನೂರಕ್ಕೆ ಸುಮಾರು ಮೂರು ಪಾಲು ಇಂಗಾಲವುಂಟು. ಅದು ಸೀಸದಕಡ್ಡಿಯ ಕಪ್ಪಿನಂತಹ ತೆಳು ಪದರಗಳಾಗಿ ಒಳಗೆ ಹರಡಿರುವುದರಿಂದ, ಬೀಡು ಅದುಮಿಕೆಯನ್ನು ಚೆನ್ನಾಗಿ ತಾಳುವುದು, ಎಳೆತವನ್ನು ಅದರ ಕಾಲುಭಾಗದಷ್ಟು ಮಾತ್ರ ತಾಳುವುದು. ಬಾಗದೆ ಒಮ್ಮೆಗೇ ಸಿಡಿಯುವುದು. ಕಬ್ಬು ಅರೆಯುವಾಗ ಉರುಳೆಗಳು ಒಂದನ್ನೊಂದು ದೂರ ನೂಕುವುವು. ಆ ಎಳೆತವನ್ನೆಲ್ಲ ಹೊರುವುದು ಚೌಕಟ್ಟು. ಬಿರುಕು ಹುಟ್ಟುವುದೂ ಅಲ್ಲಿಯೇ.

ಬೆಸುಗೆಯ ಸ್ವಭಾವ ಬೇರೆ. ಅದು ಮೃದು, ಬಾಗುವುದು, ಸಿಡಿಯದು. ಆದರೆ ಭಾರವು ಬಿಡದೆ ಎಳೆದಲ್ಲಿ ನಮ್ಮ ಬೇಸಗೆಯ ಸೆಕೆಯಲ್ಲಿಯೇ ಸ್ವಲ್ಪ ಸ್ವಲ್ಪವಾಗಿ ಜಾರುತ್ತ ಹೋಗುವುದು. ಮೊದಲ ದಿನ ನಿಂತ ಕೆಲಸವು ಮೂರನೆಯ ದಿನ ಬಿಟ್ಟುಕೊಡುವುದು ಹೀಗೆ. ಅಲ್ಲದೆ ಬೀಡಿನ ಮೈಮೇಲಿನ ಇಂಗಾಲಕ್ಕೆ ಬೆಸುಗೆಯು ಅಂಟುವುದಿಲ್ಲ; ಕಾದಾಗ ಬೀಡಿಗಿಂತ ಇಮ್ಮಡಿ ಹಿಗ್ಗುವುದರಿಂದ ಅಂಟಿದುದೂ ಸಡಿಲುವುದು.

ಇನ್ನೊಂದು ಮಾತು. ಸೀಸವು ವಿಷ. ಹಾಲು ಬೀಳುವ ದೋಣಿಗಾಗಲಿ, ಬೆಲ್ಲದ ಕೊಪ್ಪರಿಗೆಗಾಗಲಿ ಈ ಬೆಸುಗೆಯನ್ನು ಎಷ್ಟುಮಾತ್ರಕ್ಕೂ ಹಾಕಿಸತಕ್ಕದ್ದಲ್ಲ. ಅಡಕೆಗೆ ಮೈಲುತುತ್ತ ಹೊಡೆಯುವ ಹಿತ್ತಾಳೆಯ ಪಂಪಿನ ಸೋರಿಕೆಗೆ ಅದು ತಕ್ಕುದು. ಅಲ್ಲಿ ಭಾರವೂ ಇಲ್ಲ, ಉಣ್ಣುವ ಪದಾರ್ಥವೂ ಇಲ್ಲ.

ಚೌಕಟ್ಟಿನಲ್ಲಿ ಕಿರುಬಿರುಕು ಕಂಡಲ್ಲಿ ಗಾಣವನ್ನು ನಿಲ್ಲಿಸಿರಿ. ಬಿರುಕಿನ ಎರಡು ತುದಿಗಳಲ್ಲಿಯೂ ಸಣ್ಣ ತೂತು ಕೊರೆಯಿಸಿದರೆ ಅದು ಮುಂದಕ್ಕೆ ಓಡುವುದು ತಪ್ಪುವುದು. ಬಳಿಕ ಉಕ್ಕಿನ ಪಟ್ಟಿಯನ್ನು ಬೋಲ್ಟುಗಳಿಂದ ಬಿಗಿಯಿಸಬೇಕು. ಬಲ್ಲ ಕೆಲಸಗಾರನು ನಿಕ್ಕಲ್ ಕಡ್ಡಿಯಿಂದ ವೆಲ್ಡಿಂಗ್ ಮಾಡಬಲ್ಲನು. ಆದರೆ ಮೊದಲು ಕಾಯಿಸಿ, ಅನಂತರ ಬೂದಿಯಲ್ಲಿ ಹುದುಗಿಸಿ ನಿಧಾನವಾಗಿ ಆರಿಸದಿದ್ದರೆ ಪಕ್ಕದಲ್ಲಿಯೇ ಹೊಸ ಬಿರುಕು ಹುಟ್ಟುವುದು. ಹಲ್ಲು ಮುರಿದ ಚಕ್ರಕ್ಕೆ ಹೊಸದನ್ನೇ ತರಿಸತಕ್ಕದ್ದು. ತರಿಸುವಾಗ ಹಲ್ಲುಗಳ ಎಣಿಕೆಯನ್ನೂ, ನಡುವಿನ ತೂತಿನ ಅಳತೆಯನ್ನೂ, ಎರಕದಲ್ಲಿ ಮೂಡಿರುವ ಅಂಕಿಗಳನ್ನೂ ಕಾಗದದಲ್ಲಿ ಬರೆದು ಕಳುಹಿಸಿರಿ.